ಮಿಕ್ಕಿಯ ಊರಿನಲ್ಲಿ ಊಟಕ್ಕೆ ಏನುಡೋಣ?



ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಜೂನ್ ಹೊತ್ತಿಗೆ. ಇಲ್ಲಿಂದ ಮಗನ ಮನೆಗೋ ಮಗಳ ಮನೆಗೋ ಹೋದ ತಂದೆತಾಯಿಗಳನ್ನು ಮೊಮ್ಮಕ್ಕಳ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗುವುದು ಈಗ ಒಂದು ಪದ್ಧತಿಯೇ ಆಗಿಬಿಟ್ಟಿದೆ. ಹೊರಡುವ ಮುಂಚಿನ ವಾರ ಮನೆಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಅಮ್ಮಾ, ಮೂರನೇ ದಿನ ರಾತ್ರಿ ಒಂದು ಒಳ್ಳೇ ರೆಸ್ಟೊರೆಂಟಲ್ಲಿ ಟೇಬಲ್ ಬುಕ್ ಮಾಡಿದೀನಿ. ಸ್ವಲ್ಪ ಚೆನ್ನಾಗಿ ಡ್ರೆಸ್ ಮಾಡ್ಕೋಬೇಕು."

"ಚೆನ್ನಾಗಿ ಅಂದ್ರೆ? ರೇಷ್ಮೆ ಸೀರೆ ಇಟ್ಕೊಳ್ಳಲಾ?"

"ಅಯ್ಯೋ, ಬೆಳಿಗ್ಗೆಯಿಂದ ಪಾರ್ಕಲ್ಲಿ ಸುತ್ತಬೇಕಮ್ಮಾ. ರೇಷ್ಮೆ ಸೀರೆ ಉಟ್ಕೊಂಡು ರೋಲರ್ ಕೋಸ್ಟರ್ ಹತ್ತೋಕಾಗುತ್ತಾ?"

"ಹಾಗಾದ್ರೆ ಚೂಡಿದಾರ್ ಹಾಕ್ಕೋತೀನಿ ಬಿಡು. ನಿಮ್ಮಪ್ಪನಿಗೇನು?"

ಅಪ್ಪ ಕೂತಲ್ಲಿಂದಲೇ ತೀರ್ಪು ಕೊಡುತ್ತಾರೆ: "ನಂಗೆ ಪ್ಯಾಂಟು ಶರ್ಟು ಸಾಕು. ಕೋಟು ಗೀಟು ಅಂದ್ರೆ ನಾನು ರೂಮಲ್ಲೇ ಮೊಸರನ್ನ ತಿಂದ್ಕೊಂಡು ಮಲಗ್ತೀನಿ."

ಮೂವರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಭಯ. ಬಾಗಿಲಲ್ಲಿ ಯಾರಾದರೂ ತಡೆದು ನಿಲ್ಲಿಸಿದರೆ? ಪಕ್ಕದ ಮೇಜಿನವರು ನೋಡಿ ನಕ್ಕರೆ? ಈ ಭಯದಲ್ಲೇ ಪೆಟ್ಟಿಗೆಗೆ ಐದು ಜೊತೆ ಬಟ್ಟೆ ಹೆಚ್ಚಾಗಿ ಸೇರುತ್ತವೆ, ಬೇಕಾದ ಒಂದು ಜೊತೆ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಇಂಥ ಪ್ರವಾಸದ ನಡುವೆ ಬರುವ ಒಂದು ದೊಡ್ಡ ಊಟಕ್ಕೆ ಏನುಟ್ಟುಕೊಂಡು ಹೋಗಬೇಕು ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಜಾಗದ ಪರಿಚಯ. ಒರ್ಲ್ಯಾಂಡೊ ಊರಿನ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಒರ್ಲ್ಯಾಂಡೊ ಕನ್ನಡಿಗರಿಗೆ ಅಪರಿಚಿತ ಊರೇನಲ್ಲ; ಅಮೆರಿಕದ ಕನ್ನಡ ಕೂಟಗಳ ಆಗರವಾದ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ 2004ರಲ್ಲಿ ಅಲ್ಲಿಯೇ ನಡೆದಿತ್ತು. ಡಿಸ್ನಿ ವರ್ಲ್ಡ್ ಎಂದರೆ ಒಂದು ಪಾರ್ಕ್ ಅಂದುಕೊಂಡು ಹೋದವರು ಅಲ್ಲಿ ಕಣ್ಣು ಕಣ್ಣು ಬಿಡುತ್ತಾರೆ. ಸುಮಾರು 100 ಚದರ ಕಿಲೋಮೀಟರ್ ಜಾಗ. ಅದರೊಳಗೆ ನಾಲ್ಕು ಪಾರ್ಕುಗಳು: ಕೋಟೆ ಇರುವ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಇವುಗಳ ಸುತ್ತ ಡಿಸ್ನಿಯವರದೇ ಎರಡು ಡಜನ್ನಿಗೂ ಹೆಚ್ಚು ವಸತಿ ಹೋಟೆಲುಗಳು. ಹೆಸರುವಾಸಿಯಾದ ಊಟದ ಮನೆಗಳಲ್ಲಿ ಹೆಚ್ಚಿನವು ಇರುವುದು ಈ ಹೋಟೆಲುಗಳಲ್ಲಿ, ಪಾರ್ಕಿನ ಒಳಗಲ್ಲ. ಮೇಜು ಬೇಕೆಂದರೆ ಅರವತ್ತು ದಿನ ಮುಂಚೆಯೇ ಕಾಯ್ದಿರಿಸಬಹುದು. ಬೇಡಿಕೆಯಿರುವ ಕಡೆ ಅಷ್ಟು ಮುಂಚೆಯೇ ಕಾಯ್ದಿರಿಸಬೇಕಾಗುತ್ತದೆ.

ಎರಡು ತಿಂಗಳ ಮುಂಚೆ ಊಟದ ವೇಳೆ ಗೊತ್ತಾಗಿರುತ್ತದೆ. ಆದರೆ ಆ ವೇಳೆಗೆ ನಾವು ಯಾವ ಸ್ಥಿತಿಯಲ್ಲಿರುತ್ತೇವೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಜುಲೈ ತಿಂಗಳ ಮಧ್ಯಾಹ್ನ ಅಲ್ಲಿ 33 ಡಿಗ್ರಿ ಸೆಲ್ಷಿಯಸ್ ಸಾಮಾನ್ಯ, ಜೊತೆಗೆ ನಮ್ಮ ಮಂಗಳೂರಿನಂಥ ಸೆಕೆ. ಬಿಸಿಲು ಜೋರಾಗುತ್ತಿದ್ದ ಹಾಗೇ ನಾಲ್ಕು ಗಂಟೆ ಹೊತ್ತಿಗೆ ಗುಡುಗು ಸಹಿತ ಮಳೆ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ ಯಾರಿಗೂ ತಪ್ಪಿದ್ದಲ್ಲ. ಬೆನ್ನು ಬೆವರಿ, ಕಾಲು ಊದಿ, ಮೊಮ್ಮಗನ ಐಸ್‌ಕ್ರೀಮು ತೋಳಿನ ಮೇಲೆ ಅಂಟಿಕೊಂಡಿರುವಾಗ ಗಡಿಯಾರ ಐದೂವರೆ ತೋರಿಸುತ್ತದೆ. ಊಟ ಏಳಕ್ಕೆ. ಉಡುಪಿನ ಪ್ರಶ್ನೆ ಹುಟ್ಟುವುದು ಈ ಒಂದೂವರೆ ಗಂಟೆಯಲ್ಲಿ.

ಇಷ್ಟೆಲ್ಲ ಫಜೀತಿಯ ನಡುವೆ ಉಡುಪಿನ ನಿಯಮ ಯಾಕಾದರೂ ಬೇಕು ಎಂದು ನಿಮಗೆ ಅನ್ನಿಸಬಹುದು. ಅದಕ್ಕೊಂದು ಚರಿತ್ರೆಯಿದೆ.

ಡಿಸ್ನಿಯವರ ಮೊದಲ ಪಾರ್ಕು ಕ್ಯಾಲಿಫೋರ್ನಿಯಾದ ಅನಹೈಮ್‌ನ ಡಿಸ್ನಿಲ್ಯಾಂಡ್. ಅದು ತೆರೆದದ್ದು 1955ರ ಜುಲೈ 17ರಂದು. ಆ ದಿನದ ಚಿತ್ರಗಳನ್ನು ನೋಡಿದರೆ ಇವರೆಲ್ಲ ತೊಟ್ಟಿಲ ಆಟ ಆಡಲು ಬಂದವರೇ ಎಂದು ಅನುಮಾನ ಬರುತ್ತದೆ. ಗಂಡಸರು ಕೋಟು, ಟೈ. ಹೆಂಗಸರು ಗೌನು, ಹ್ಯಾಟು, ಹೈ ಹೀಲ್ಸ್. ಅವತ್ತು ಕಡುಬಿಸಿಲು. ರಸ್ತೆಗೆ ಡಾಂಬರು ಹಾಕಿದ್ದು ಆಗಷ್ಟೇ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಹೆಂಗಸರ ಹೀಲ್ಸ್ ಅದರೊಳಗೆ ಹೂತುಕೊಂಡವು ಎಂಬುದು ಆ ದಿನದ ಬಗ್ಗೆ ಇವತ್ತಿಗೂ ಹೇಳುವ ಸಂಗತಿ. ಆಗಿನ ಅಮೆರಿಕದ ಮಧ್ಯಮವರ್ಗದವರಿಗೆ ಮನೆಯಿಂದ ಹೊರಗೆ ಹೋಗುವುದೆಂದರೆ ಚೆನ್ನಾಗಿ ಉಟ್ಟುಕೊಂಡು ಹೋಗುವುದೇ ಆಗಿತ್ತು. ಪಾರ್ಕು ಬೇರೆ, ಊಟದ ಮನೆ ಬೇರೆ ಎಂಬ ಭೇದ ಬಟ್ಟೆಯಲ್ಲಿ ಇರಲಿಲ್ಲ. ಆಮೇಲೆ ಕಾಲ ಸಡಿಲವಾಯಿತು. ಟೀ ಶರ್ಟು ಬಂತು, ಚಡ್ಡಿ ಬಂತು, ಓಟದ ಶೂ ಬಂತು. ಪಾರ್ಕಿನ ಬಟ್ಟೆ ಹಗುರವಾಯಿತು, ಊಟದ ಮನೆಯ ಬಟ್ಟೆ ಮಾತ್ರ ಹಾಗೇ ನಿಂತಿತು. ಎರಡರ ನಡುವೆ ಬಿರುಕು ಬಿದ್ದದ್ದು ಆಗ. ಊಟಕ್ಕೆ ಏನುಡಬೇಕೆಂದು ಬರೆದು ಹೇಳಬೇಕಾಗಿ ಬಂದದ್ದೂ ಆ ಬಿರುಕಿನಿಂದಲೇ.

ಡಿಸ್ನಿಯವರು ಉಡುಪಿನ ಬಗ್ಗೆ ಮೊದಲಿನಿಂದಲೂ ಬಿಗಿ. 1960ರ ದಶಕದಲ್ಲಿ ಕೂದಲು ಉದ್ದ ಬಿಟ್ಟ ಹುಡುಗರನ್ನು ಗೇಟಿನಲ್ಲೇ ವಾಪಸು ಕಳಿಸಿದ್ದುಂಟು. ಸಿಬ್ಬಂದಿಯ ಗಂಡಸರು ದಶಕಗಳ ಕಾಲ ಮೀಸೆ ಬಿಡುವಂತಿರಲಿಲ್ಲ. ಅದಕ್ಕೆ ಅನುಮತಿ ಸಿಕ್ಕಿದ್ದು 2000ದಲ್ಲಿ. ಗಡ್ಡಕ್ಕೆ ಸಿಕ್ಕಿದ್ದು 2012ರಲ್ಲಿ. ತಮಾಷೆಯೆಂದರೆ ಇದನ್ನೆಲ್ಲ ಕಟ್ಟಿದ ವಾಲ್ಟ್ ಡಿಸ್ನಿಯವರಿಗೇ ಮೀಸೆಯಿತ್ತು! ಅಲ್ಲಿ ಕೆಲಸ ಮಾಡುವವರನ್ನು ನೌಕರರೆಂದು ಕರೆಯುವುದಿಲ್ಲ, 'ಕಾಸ್ಟ್ ಮೆಂಬರ್' ಎನ್ನುತ್ತಾರೆ. ಅಂದರೆ ಪಾತ್ರಧಾರಿಗಳು. ಅವರು ತೊಡುವುದು ಯೂನಿಫಾರ್ಮ್ ಅಲ್ಲ, 'ಕಾಸ್ಟ್ಯೂಮ್'. ಕಸ ಗುಡಿಸುವವರಿಂದ ಹಿಡಿದು ಊಟ ಬಡಿಸುವವರ ತನಕ ಎಲ್ಲರೂ ವೇಷದಲ್ಲಿರುವವರೇ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಎಲ್ಲರೂ ವೇಷದಲ್ಲಿರುವ ಊರಿನಲ್ಲಿ ನಾವು ಊಟಕ್ಕೆ ಏನುಡಬೇಕೆಂಬ ಪ್ರಶ್ನೆಯೂ ಒಂದು ವೇಷದ ಪ್ರಶ್ನೆಯೇ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವನಿಗೆ ತಾನು ನಿಜವಾಗಿ ರಾಜನೇ ಎಂಬ ಚಿಂತೆ ಇರುವುದಿಲ್ಲ, ಕಿರೀಟ ಸರಿಯಾಗಿ ಕೂತಿದೆಯೇ ಎಂಬುದಷ್ಟೇ ಇರುತ್ತದೆ. ದೊಡ್ಡ ರೆಸ್ಟೊರೆಂಟಿಗೆ ಉಡುಗೆ ತೊಡುವಾಗ ನಮಗೂ ಅಷ್ಟು ಚಿಂತೆ ಸಾಕು.

ಈಗ ನಿಯಮಗಳಿಗೆ ಬರೋಣ. ಅಲ್ಲಿನ ಊಟದ ಮನೆಗಳನ್ನು ಉಡುಪಿನ ದೃಷ್ಟಿಯಿಂದ ಮೂರು ಮೆಟ್ಟಿಲಾಗಿ ನೋಡಿದರೆ ಗೊಂದಲವಿರುವುದಿಲ್ಲ.

ಮೊದಲ ಮೆಟ್ಟಿಲು ಪಾರ್ಕಿನ ಒಳಗಿರುವವು. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗೇ ಸಿಂಡ್ರೆಲ್ಲಾಳ ಹೆಸರಿನ ಊಟದ ಮನೆಯಿದೆ. ಬಣ್ಣದ ಗಾಜಿನ ಕಿಟಕಿ, ಎತ್ತರದ ಕಮಾನು, ಮೇಜಿನ ಹತ್ತಿರ ಬಂದು ಮಾತಾಡಿಸುವ ರಾಜಕುಮಾರಿಯರು. ಬೆಲೆಯೂ ರಾಜಯೋಗ್ಯ. ಆದರೆ ಅಲ್ಲಿ ಕೂತವರನ್ನು ನೋಡಿ: ಐದು ವರ್ಷದ ಹುಡುಗಿ ನೀಲಿ ಗೌನು, ಕಿರೀಟ, ಕೈಗವುಸು ತೊಟ್ಟು ಮಹಾರಾಣಿಯಾಗಿ ಕೂತಿರುತ್ತಾಳೆ, ಎದುರಿಗೆ ಅವಳಪ್ಪ ಬೆವರಿದ ಟೀ ಶರ್ಟು, ಮೊಣಕಾಲುದ್ದದ ಚಡ್ಡಿಯಲ್ಲಿ ಮಹಾರಾಣಿಯ ಬಿಲ್ಲು ಕಟ್ಟಲು ಕಾಯುತ್ತಿರುತ್ತಾನೆ. ಪಾರ್ಕಿನಲ್ಲಿ ತಿರುಗಾಡುವ ಬಟ್ಟೆಯೇ ಇಲ್ಲಿ ಸಾಕು. ಯಾರೂ ಚಕಾರ ಎತ್ತುವುದಿಲ್ಲ.

ಆದರೆ ಪಾರ್ಕಿಗೂ ತನ್ನದೇ ನಿಯಮಗಳಿವೆ. ಅಂಗಿ, ಪಾದರಕ್ಷೆ ಕಡ್ಡಾಯ. ಹದಿನಾಲ್ಕು ತುಂಬಿದವರು ಮಾಮೂಲಿ ದಿನಗಳಲ್ಲಿ ಪಾತ್ರಗಳ ವೇಷ ಹಾಕುವಂತಿಲ್ಲ. ಮಕ್ಕಳು ಅಸಲಿ ಸಿಂಡ್ರೆಲ್ಲಾ ಯಾರೆಂದು ಗೊಂದಲಪಡಬಾರದಲ್ಲ! ದೊಡ್ಡವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ವೇಷ ಹಾಕದೆ, ಆ ಪಾತ್ರದ ಬಣ್ಣಗಳ ಮಾಮೂಲಿ ಬಟ್ಟೆ ತೊಡುತ್ತಾರೆ. ಕೆಂಪು ಪ್ಯಾಂಟು, ಹಳದಿ ಶೂ, ಕಪ್ಪು ಅಂಗಿ: ನೋಡಿದವರಿಗೆ ಮಿಕ್ಕಿ ಮೌಸ್ ಎಂದು ಗೊತ್ತಾಗುತ್ತದೆ, ಗೇಟಿನವರಿಗೆ ತಕರಾರು ಮಾಡಲು ಏನೂ ಸಿಗುವುದಿಲ್ಲ. ಇನ್ನು ಕೆಲವರು 1955ರ ಆ ಕೋಟು-ಗೌನುಗಳನ್ನೇ ಮತ್ತೆ ತಂದಿದ್ದಾರೆ. 2011ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಶುರುವಾದ 'ಡ್ಯಾಪರ್ ಡೇ' ಎಂಬ ದಿನ ಜನ ಹಳೇ ಕಾಲದ ಶೈಲಿಯಲ್ಲಿ ಶೃಂಗಾರ ಮಾಡಿಕೊಂಡು ಪಾರ್ಕು ಸುತ್ತುತ್ತಾರೆ. ಯಾರ ಬಲವಂತವೂ ಇಲ್ಲದೆ, ಬಿಸಿಲಿನಲ್ಲಿ ಟೈ ಕಟ್ಟಿಕೊಂಡು! ಚೆನ್ನಾಗಿ ಉಡುವುದರಲ್ಲಿ ಒಂದು ಆಟದ ಸುಖ ಇರುವುದು ಇದರಿಂದ ಗೊತ್ತಾಗುತ್ತದೆ.

ಎರಡನೇ ಮೆಟ್ಟಿಲು ಹೋಟೆಲುಗಳಲ್ಲಿರುವ ದೊಡ್ಡ ರೆಸ್ಟೊರೆಂಟುಗಳು. ಇವುಗಳಿಗೆ 'ಸಿಗ್ನೇಚರ್ ಡೈನಿಂಗ್' ಎಂದು ಹೆಸರು. ಇದರಲ್ಲಿ ಪ್ರಸಿದ್ಧವಾದದ್ದು ಕ್ಯಾಲಿಫೋರ್ನಿಯಾ ಗ್ರಿಲ್. 1971ರಲ್ಲೇ ಕಟ್ಟಿದ ಕಂಟೆಂಪರರಿ ಎಂಬ ಹೋಟೆಲಿನ ಹದಿನೈದನೇ ಮಹಡಿಯಲ್ಲಿದೆ, 1995ರಿಂದ. ಆ ಹೋಟೆಲಿನ ಹೊಟ್ಟೆಯೊಳಗಿಂದಲೇ ಮೋನೊರೈಲು ಹಾದುಹೋಗುತ್ತದೆ. ರಾತ್ರಿ ಕೋಟೆಯ ಮೇಲೆ ಬಾಣಬಿರುಸು ಹಾರಿಸುವಾಗ ಊಟದವರೆಲ್ಲ ಎದ್ದು ಹೊರಗಿನ ಕಟ್ಟೆಗೆ ಬಂದು ನಿಲ್ಲುತ್ತಾರೆ. ಅಲ್ಲಿ ಸಂಗೀತವೂ ಕೇಳುವಂತೆ ಏರ್ಪಾಡಿದೆ. ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಜೀಕೊ, ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲಿನ ಸಿಟ್ರಿಕೋಸ್, ಬೋರ್ಡ್‌ವಾಕ್‌ನ ಫ್ಲೈಯಿಂಗ್ ಫಿಶ್ ಇವೆಲ್ಲ ಇದೇ ಸಾಲಿನವು.

ಇಲ್ಲಿ ಕೇಳುವುದು ಇಷ್ಟೇ: ಬಟ್ಟೆ ಶುಭ್ರವಾಗಿರಲಿ, ಅಚ್ಚುಕಟ್ಟಾಗಿರಲಿ, ಹರಿದಿರಬಾರದು. ಈಜುಡುಗೆಯಲ್ಲಿ ಬರಬಾರದು. ತೋಳಿಲ್ಲದ ಬನಿಯನ್ನಿನಂಥ ಅಂಗಿ ಬೇಡ. ಬೈಗುಳವೋ ಅಸಭ್ಯ ಚಿತ್ರವೋ ಅಚ್ಚಾದ ಟೀ ಶರ್ಟು ಬೇಡ. ಕೆಲವು ವರ್ಷಗಳ ಹಿಂದೆ ಇದೇ ಪಟ್ಟಿ ಇನ್ನೂ ವಿವರವಾಗಿತ್ತು, ಗಂಡಸರಿಗೆ ಕಾಲರ್ ಇರುವ ಅಂಗಿ ಎಂದೆಲ್ಲ ಬರೆದಿರುತ್ತಿದ್ದರು, ಈಗ ಸಡಿಲವಾಗಿದೆ. ಹಾಗಾಗಿ ಮೊದಲು ಹೇಳಿದ ಆ ಅಪ್ಪ ನಿಶ್ಚಿಂತೆಯಿಂದ ಇರಬಹುದು. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು ಧಾರಾಳ ಸಾಕು. ಹರಕಿಲ್ಲದ ಜೀನ್ಸ್ ಕೂಡ ನಡೆಯುತ್ತದೆ. ಅಮ್ಮನ ಚೂಡಿದಾರ್ ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನರ ಬಟ್ಟೆಗಿಂತ ಲಕ್ಷಣವಾಗಿಯೇ ಕಾಣುತ್ತದೆ.

ಜೀಕೊ ಇರುವ ಆ ಅನಿಮಲ್ ಕಿಂಗ್‌ಡಮ್ ಲಾಡ್ಜಿನಲ್ಲೇ ಸನಾ ಎಂಬ ಇನ್ನೊಂದು ಊಟದ ಮನೆಯಿದೆ. ಅಷ್ಟು ದೊಡ್ಡದಲ್ಲ, ಉಡುಪಿನ ಕಟ್ಟುನಿಟ್ಟೂ ಇಲ್ಲ. ಆಫ್ರಿಕದ ಅಡುಗೆಗೆ ಭಾರತದ ಮಸಾಲೆ ಬೆರೆಸಿದ ಊಟ. ನಾನ್ ರೊಟ್ಟಿಗಳ ಜೊತೆ ಪುಟ್ಟ ಪುಟ್ಟ ಬಟ್ಟಲಲ್ಲಿ ಒಂಬತ್ತು ಬಗೆಯ ಚಟ್ನಿ, ರಾಯ್ತ, ಉಪ್ಪಿನಕಾಯಿಗಳು ಬರುತ್ತವೆ. ಕಿಟಕಿಯಾಚೆಯ ಹುಲ್ಲುಗಾವಲಿನಲ್ಲಿ ಜಿರಾಫೆಗಳು ಅಡ್ಡಾಡುತ್ತಿರುತ್ತವೆ. ಶಾಕಾಹಾರಿಗಳಿಗೆ, ನಾಲ್ಕು ದಿನದಿಂದ ಖಾರವಿಲ್ಲದೆ ನಾಲಿಗೆ ಸತ್ತವರಿಗೆ ಇದು ದೊಡ್ಡ ಸಮಾಧಾನ. ಊಟ ಚೆನ್ನಾಗಿರಬೇಕೆಂದರೆ ಉಡುಪೂ ಜೋರಾಗಿರಲೇಬೇಕು ಎಂಬ ಕಟ್ಟಲೆ ಏನಿಲ್ಲ.

ಮೂರನೇ ಮೆಟ್ಟಿಲಿನಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಒಂದನ್ನೇ: ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್. ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲಿನೊಳಗಿದೆ. 2000ದಿಂದ ಅಮೆರಿಕದ ಎಎಎ ಸಂಸ್ಥೆಯ ಐದು ವಜ್ರಗಳ ಮನ್ನಣೆ ಇದಕ್ಕಿದೆ. 2024ರಲ್ಲಿ ಮಿಶೆಲಿನ್ ತಾರೆಯೂ ಬಂತು. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ. ಒಬ್ಬರ ಊಟಕ್ಕೆ ಮುನ್ನೂರು ಡಾಲರಿಗೂ ಹೆಚ್ಚಿನ ಲೆಕ್ಕ ಇಟ್ಟುಕೊಂಡೇ ಹೋಗಬೇಕು. ಒಂದಾದ ಮೇಲೊಂದರಂತೆ ಚಿಕ್ಕ ಚಿಕ್ಕ ತಟ್ಟೆಗಳು ಬರುತ್ತ ಮೂರು ತಾಸು ಸರಿದುಹೋಗುತ್ತದೆ. ಹೆಂಗಸರ ಕೈಚೀಲ ಇಡಲು ಕುರ್ಚಿಯ ಪಕ್ಕ ಒಂದು ಪುಟ್ಟ ಮಣೆ ತಂದಿಡುತ್ತಾರೆ ಎಂದರೆ ಉಪಚಾರ ಎಷ್ಟೆಂದು ಊಹಿಸಿ.

ಇಲ್ಲಿ ಗಂಡಸರಿಗೆ ಕೋಟು ಬಹುಕಾಲ ಕಡ್ಡಾಯವಾಗಿತ್ತು. ಈಗ ಕೋಟು ಹಾಕಿದರೆ ಒಳ್ಳೆಯದು ಎನ್ನುತ್ತಾರೆ, ಟೈ ನಿಮ್ಮಿಷ್ಟ. ಜೀನ್ಸ್, ಚಡ್ಡಿ, ಹವಾಯಿ ಚಪ್ಪಲಿ, ಓಟದ ಶೂ ಮಾತ್ರ ಸುತರಾಂ ಆಗದು. ಹೆಂಗಸರಿಗೆ ಸಮಾರಂಭಕ್ಕೆ ಉಡುವಂಥದ್ದು ಯಾವುದಾದರೂ ಸರಿ.

ಈ ಹೋಟೆಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಿಳಿ ಮರದ ಗೋಡೆ, ಕೆಂಪು ಮಾಡು, ಗೋಪುರದಂಥ ಚೂಪು ತುದಿಗಳು, ಒಳಗೆ ಎತ್ತರದ ಹಜಾರ, ಪಿಯಾನೊ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚಳಿಗಾಲ ಕಳೆಯಲು ಫ್ಲಾರಿಡಾದ ಕಡಲತೀರಕ್ಕೆ ಬರುತ್ತಿದ್ದ ಸಿರಿವಂತರಿಗಾಗಿ ಕಟ್ಟಿದ ಹೋಟೆಲೆಂದೇ ಯಾರಾದರೂ ನಂಬಬೇಕು. ಕಟ್ಟಿದ್ದು 1988ರಲ್ಲಿ! ಬೆಂಗಳೂರಿನಲ್ಲಿ ಅದಕ್ಕಿಂತ ಹಳೆಯ ದರ್ಶಿನಿಗಳಿವೆ. ರಾಣಿ ವಿಕ್ಟೋರಿಯಾಗಾಗಲಿ ಅವಳ ಗಂಡ ಆಲ್ಬರ್ಟನಿಗಾಗಲಿ ಫ್ಲಾರಿಡಾದ ಜೌಗುನೆಲದ ಜೊತೆ ಯಾವ ಸಂಬಂಧವೂ ಇರಲಿಲ್ಲ. ಅಂದರೆ ಈ ಗಾಂಭೀರ್ಯವೆಲ್ಲ ಒಂದು ಸೊಗಸಾದ ರಂಗಸಜ್ಜಿಕೆ. ಕೋಟೆಯಲ್ಲಿ ಕಿರೀಟ ತೊಟ್ಟ ಐದು ವರ್ಷದ ಹುಡುಗಿ ಮಾಡುತ್ತಿರುವುದೂ, ಇಲ್ಲಿ ಕೋಟು ತೊಟ್ಟ ಐವತ್ತು ವರ್ಷದ ಗಂಡಸು ಮಾಡುತ್ತಿರುವುದೂ ಒಂದೇ ಕೆಲಸ. ಇಬ್ಬರೂ ಒಂದು ಸಂಜೆಗೆ ಬೇರೆಯವರಾಗಿದ್ದಾರೆ. ಹುಡುಗಿಗೆ ಅದು ಆಟವೆಂದು ಗೊತ್ತು, ಗಂಡಸಿಗೆ ಮರೆತಿದೆ, ಅಷ್ಟೇ ವ್ಯತ್ಯಾಸ.

ಇದು ತಿಳಿದ ಮೇಲೆ ಭಯ ಅರ್ಧ ಹೋಗುತ್ತದೆ. ಉಡುಪಿನ ನಿಯಮ ನಮ್ಮ ಅಂತಸ್ತಿನ ಪರೀಕ್ಷೆಯಲ್ಲ. ಆದರೂ ಅದನ್ನು ಪಾಲಿಸಬೇಕು ಎನ್ನುತ್ತೇನೆ ನಾನು. ಯಾಕೆಂದರೆ ಆಟ ನಡೆಯುವುದು ಎಲ್ಲರೂ ಸೇರಿದಾಗ. ಪಕ್ಕದ ಮೇಜಿನಲ್ಲಿ ಇಪ್ಪತ್ತೈದನೇ ಮದುವೆ ವಾರ್ಷಿಕೋತ್ಸವಕ್ಕೆಂದು ವರ್ಷವಿಡೀ ದುಡ್ಡು ಕೂಡಿಟ್ಟು ಬಂದ ದಂಪತಿ ಇರಬಹುದು. ಅವರ ಸಂಜೆಯ ನೋಟದಲ್ಲಿ ನಾವೂ ಒಂದು ಭಾಗ. ನಮ್ಮ ಒದ್ದೆ ಚಡ್ಡಿ ಅವರ ಚಿತ್ರದೊಳಗೆ ಯಾಕೆ ಬರಬೇಕು?

ಇನ್ನು ಸೀರೆಯ ವಿಷಯ. ನಮ್ಮ ಹೆಂಗಸರು ಕೇಳುವ ಮೊದಲ ಪ್ರಶ್ನೆಯೇ ಇದು: ಅಲ್ಲಿ ಸೀರೆ ನಡೆಯುತ್ತದೆಯೇ? ಈ ಪ್ರಶ್ನೆಯ ಹಿಂದೆ ಒಂದು ನೋವಿದೆ, ಅದು ಅಮೆರಿಕದಿಂದ ಬಂದದ್ದಲ್ಲ, ನಮ್ಮ ದೇಶದ್ದೇ. 2014ರಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ತಮಿಳುನಾಡು ಸರ್ಕಾರ ಅಂಥ ನಿರ್ಬಂಧ ತೆಗೆಯಲು ಅದೇ ವರ್ಷ ಕಾನೂನು ತಂದಿತು. 2021ರಲ್ಲಿ ದೆಹಲಿಯ ಒಂದು ರೆಸ್ಟೊರೆಂಟಿನಲ್ಲಿ ಸೀರೆ 'ಸ್ಮಾರ್ಟ್ ಕ್ಯಾಶುಯಲ್' ಅಲ್ಲ ಎಂದು ಸಿಬ್ಬಂದಿ ಹೇಳುವ ವಿಡಿಯೊ ದೇಶವೆಲ್ಲ ಸುತ್ತಿತು. ಹೋಟೆಲಿನವರು ತಮ್ಮದೇ ಸಮಜಾಯಿಷಿ ಕೊಟ್ಟರು. 2024ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ, ಮಗನ ಜೊತೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಮಾಲ್‌ನ ಬಾಗಿಲಲ್ಲಿ ತಡೆದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು.

ಇವುಗಳಿಗೂ ಡಿಸ್ನಿಯ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಬಟ್ಟೆ ಹೇಗಿದೆ ಎಂದು ಕೇಳುವುದು ಒಂದು, ಯಾರ ಬಟ್ಟೆ ಎಂದು ಕೇಳುವುದು ಇನ್ನೊಂದು. ಶುಭ್ರವಾಗಿದೆಯೇ, ಹರಿದಿಲ್ಲವೇ, ಸಂದರ್ಭಕ್ಕೆ ತಕ್ಕ ಹಾಗಿದೆಯೇ ಎಂದು ಕೇಳಿದರೆ ಉತ್ತರ ಕೊಡಬಹುದು. ನಿನ್ನ ಊರಿನವರು ಉಡುವ ಬಟ್ಟೆಯೇ ನಮಗೆ ಬೇಡ ಎಂದರೆ ಅದು ನಿಯಮವಲ್ಲ, ಅವಮಾನ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ನ ಬೇಡಗಳ ಪಟ್ಟಿಯಲ್ಲಿ ಸೀರೆ ಇಲ್ಲ. ಜರಿಯಂಚಿನ ರೇಷ್ಮೆ ಸೀರೆ ಅಲ್ಲಿನವರ ಸಂಜೆಯ ಗೌನಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಗಂಡಸರಿಗೆ ಬಂದ್‌ಗಲಾ ಕೋಟು ಇದ್ದರೆ ಟೈ ಕಟ್ಟುವ ತಾಪತ್ರಯವೇ ಇಲ್ಲ. ಪಂಚೆಯಲ್ಲೇ ಹೋಗುತ್ತೇನೆ ಎನ್ನುವವರು ಜರಿ ಪಂಚೆ, ರೇಷ್ಮೆ ಜುಬ್ಬ ತೊಟ್ಟು, ಒಂದು ದಿನ ಮುಂಚೆ ಮಗನಿಂದ ಫೋನ್ ಮಾಡಿಸಿ ತಿಳಿಸಿಬಿಡಲಿ. ಕಾಲಿಗೆ ಮಾತ್ರ ರಬ್ಬರ್ ಚಪ್ಪಲಿ ಬೇಡ.

ಆದರೆ ಸೀರೆಗೂ ಪಾರ್ಕಿಗೂ ಎಣ್ಣೆ ಸೀಗೆಕಾಯಿ. ನೆಲಕ್ಕೆ ಎಳೆದಾಡುವ ಬಟ್ಟೆ ಪಾರ್ಕಿನೊಳಗೆ ಬೇಡವೆಂದು ಅವರ ನಿಯಮವೇ ಹೇಳುತ್ತದೆ. ಸೆರಗು, ದುಪಟ್ಟಾ ಆಟದ ಗಾಡಿಗಳಲ್ಲಿ ಅಪಾಯ. ಬಿಡದಿಯ ವಂಡರ್‌ಲಾಕ್ಕೆ ಹೋದವರಿಗೆ ಇದು ಗೊತ್ತೇ ಇದೆ: ನೀರಿನ ಆಟಗಳಿಗೆ ಸೀರೆ, ಜೀನ್ಸ್ ಬಿಡುವುದಿಲ್ಲ, ಮೈಗಂಟುವ ನೈಲಾನಿನಂಥ ಬಟ್ಟೆಯೇ ಆಗಬೇಕು. ನೀರಿನ ಆಟಕ್ಕೆ ಈಜುಡುಗೆ ಬೇಕು, ಊಟದ ಮನೆಯಲ್ಲಿ ಈಜುಡುಗೆ ನಿಷಿದ್ಧ. ಒಂದೇ ಪ್ರವಾಸದಲ್ಲಿ ಎರಡನ್ನೂ ನಿಭಾಯಿಸಬೇಕಾದಾಗ ಬಟ್ಟೆ ಬದಲಿಸದೆ ಬೇರೆ ದಾರಿಯಿಲ್ಲ.

ಹಾಗಾಗಿ ಕೆಲವು ವ್ಯಾವಹಾರಿಕ ಮಾತು.

ದೊಡ್ಡ ಊಟವಿರುವ ದಿನ ಮಧ್ಯಾಹ್ನ ಮೂರಕ್ಕೇ ಪಾರ್ಕಿನಿಂದ ಹೊರಟುಬಿಡಿ. ರೂಮಿಗೆ ಹೋಗಿ ಸ್ನಾನ ಮಾಡಿ, ಒಂದು ಗಳಿಗೆ ಕಾಲು ನೀಡಿ ಮಲಗಿ. ಮಳೆಯೂ ಆ ಹೊತ್ತಿಗೇ ಬಂದುಹೋಗುತ್ತದೆ. ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಮಕ್ಕಳು ಗೊಣಗಬಹುದು, ಗೊಣಗಲಿ. ರೂಮಿಗೆ ಹೋಗಲಾಗದಿದ್ದರೆ ಪಾರ್ಕಿನ ಬಾಗಿಲ ಹತ್ತಿರ ಬಾಡಿಗೆಗೆ ಸಿಗುವ ಲಾಕರಿನಲ್ಲಿ ಬೆಳಿಗ್ಗೆಯೇ ಒಂದು ಚೀಲ ಇಟ್ಟಿರಿ. ಬಟ್ಟೆ ಬದಲಿಸುವ ಕೆಲಸ ಪಾರ್ಕಿನ ಗಿಜಿಗುಡುವ ಶೌಚಾಲಯದಲ್ಲಿ ಬೇಡ. ಊಟವಿರುವ ಹೋಟೆಲಿಗೇ ಮುಂಚಿತವಾಗಿ ಹೋಗಿ, ಅಲ್ಲಿನ ತಂಪಾದ, ಶುಚಿಯಾದ ವಿಶ್ರಾಂತಿ ಕೋಣೆಯಲ್ಲಿ ಮುಖ ತೊಳೆದು ಸಿದ್ಧರಾಗಿ. ಮ್ಯಾಜಿಕ್ ಕಿಂಗ್‌ಡಮ್‌ನಿಂದ ಕಂಟೆಂಪರರಿ ಹೋಟೆಲಿಗೆ ಹತ್ತು ನಿಮಿಷದ ನಡಿಗೆ. ಗ್ರ್ಯಾಂಡ್ ಫ್ಲಾರಿಡಿಯನ್‌ಗೆ ಮೋನೊರೈಲೇ ಇದೆ.

ಅದೇ ದಿನ ಅನಿಮಲ್ ಕಿಂಗ್‌ಡಮ್‌ನ ಕಾಳಿ ರಿವರ್ ರ್‍ಯಾಪಿಡ್ಸ್ ಎಂಬ ನೀರಿನ ಆಟ ಬೇಡ. ದಾಂಡೇಲಿಯ ಕಾಳಿಯಲ್ಲಿ ರ್‍ಯಾಫ್ಟಿಂಗ್ ಮಾಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಒಳಬಟ್ಟೆಯ ತನಕ ಒದ್ದೆಯಾದ ಮೇಲೆ ಮೇಲಿನ ಬಟ್ಟೆ ಎಷ್ಟು ಚೆನ್ನಾಗಿದ್ದರೇನು?

ಸೀರೆ ಆರಿಸುವಾಗ ಭಾರವಾದ ಕಾಂಜೀವರಂ ಮನೆಯಲ್ಲಿರಲಿ. ನಮ್ಮ ಮೈಸೂರು ಸಿಲ್ಕ್ ಇಂಥ ಪ್ರವಾಸಕ್ಕೆ ಹೇಳಿ ಮಾಡಿಸಿದ್ದು. 1912ರಿಂದ ಮೈಸೂರಿನ ಕಾರ್ಖಾನೆಯಲ್ಲಿ ನೇಯುತ್ತ ಬಂದ ಆ ಕ್ರೇಪ್ ರೇಷ್ಮೆ ಮಡಚಿ ಚೀಲದಲ್ಲಿಟ್ಟರೆ ಒಂದು ಪುಸ್ತಕದಷ್ಟು ಜಾಗ ಹಿಡಿಯುತ್ತದೆ, ಸುಲಭಕ್ಕೆ ಮುದುರುವುದಿಲ್ಲ, ಇಸ್ತ್ರಿ ಬೇಡ. ಲಂಗ, ರವಿಕೆ, ನಾಲ್ಕು ಪಿನ್ನು ಅದರ ಜೊತೆಗೇ ಒಂದು ಚೀಲದಲ್ಲಿ ಸುತ್ತಿಡಿ. ಸೀರೆ ತಂದು ಲಂಗ ಮರೆತವರ ಪಾಡು ಅಲ್ಲಿ ಯಾರಿಗೂ ಬೇಡ, ಡಿಸ್ನಿಯ ಯಾವ ಅಂಗಡಿಯಲ್ಲೂ ಲಂಗ ಕೇಳಿದೊಡನೆ ಸಿಗುವುದಿಲ್ಲ. ಸೀರೆಯನ್ನು ಕಾಲ್ಬೆರಳು ಕಾಣುವಷ್ಟು ಮೇಲೆ ಉಡಿ. ಎಸ್ಕಲೇಟರಿನಲ್ಲಿ ನೆರಿಗೆಯನ್ನು ಕೈಯಲ್ಲಿ ಎತ್ತಿ ಹಿಡಿಯಿರಿ.

ಇನ್ನು ಗಂಡಸರು. ಗಾಢ ನೀಲಿ ಬಣ್ಣದ ತೆಳುವಾದ ಒಂದು ಕೋಟು ಎಲ್ಲಕ್ಕೂ ಆಗುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ತುರುಕಬೇಡಿ, ವಿಮಾನದಲ್ಲಿ ತೊಟ್ಟೇ ಹೋಗಿ. ಅಲ್ಲಿ ಹೊರಗೆ ಎಷ್ಟು ಸೆಕೆಯೋ ಒಳಗೆ ಏಸಿ ಅಷ್ಟು ಚಳಿ. ಬೆವರಿ ಬಂದ ಮೈಗೆ ಆ ಗಾಳಿ ತಾಗಿದರೆ ಊಟ ಮುಗಿಯುವ ಮೊದಲೇ ನಡುಕ ಹಿಡಿಯುತ್ತದೆ. ಕೋಟು ಬೇಡವೆಂದು ಹಟ ಮಾಡಿದವರೇ ಒಳಗೆ ಕೂತ ಅರ್ಧ ಗಂಟೆಗೆ ಅದರ ಗುಂಡಿ ಹಾಕಿಕೊಳ್ಳುತ್ತಾರೆ. ಹೆಂಗಸರಿಗೂ ಒಂದು ಶಾಲು ಇರಲಿ. ಡಿಸೆಂಬರ್, ಜನವರಿಯಲ್ಲಿ ಹೋಗುವವರಿಗೆ ಹೊರಗೂ ಅದು ಬೇಕು. ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು.

ಪಾದರಕ್ಷೆಯ ಬಗ್ಗೆ ಒಂದೇ ಮಾತು: ಹೊಸದು ಬೇಡ. ದಿನವೆಲ್ಲ ನಡೆದು ಊದಿದ ಕಾಲನ್ನು ಸಂಜೆ ಹೊಸ ಶೂಗೆ ತುರುಕಿದರೆ ಗುಳ್ಳೆ ಏಳುವುದು ಖಂಡಿತ. ಮನೆಯಲ್ಲಿ ಒಂದು ತಿಂಗಳು ಹಾಕಿ ಪಳಗಿಸಿದ ಚಪ್ಪಟೆ ಅಟ್ಟೆಯ ಜೋಡು ಒಳ್ಳೆಯದು.

ಮಕ್ಕಳಿಗೆ ಹೆಚ್ಚು ಕಟ್ಟುಪಾಡು ಹಾಕಬೇಡಿ. ಮೊಮ್ಮಗಳು ರಾಜಕುಮಾರಿಯ ಗೌನಿನಲ್ಲೇ ಕ್ಯಾಲಿಫೋರ್ನಿಯಾ ಗ್ರಿಲ್‌ಗೆ ಬರುತ್ತೇನೆಂದರೆ ಬರಲಿ, ಆ ಊರಿನಲ್ಲಿ ಅದೇ ಅತ್ಯಂತ ಸಹಜವಾದ ಉಡುಗೆ. ಒಂದು ಜೊತೆ ಹೆಚ್ಚಿನ ಬಟ್ಟೆ ಚೀಲದಲ್ಲಿಟ್ಟುಕೊಂಡರೆ ಸಾರು ಚೆಲ್ಲಿದರೂ ಕೂಗಾಟವಿರುವುದಿಲ್ಲ. ಮೇಜು ಕಾಯ್ದಿರಿಸುವಾಗಲೇ ಶಾಕಾಹಾರ, ಮೊಟ್ಟೆಯೂ ಬೇಡ ಎಂದು ಸ್ಪಷ್ಟವಾಗಿ ಹೇಳಿಸಿ. ಅಲ್ಲಿನ ಅಡುಗೆಯವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಉಡುಪಿನ ನಿಯಮಗಳು ಬದಲಾಗುತ್ತ ಇರುತ್ತವಾದ್ದರಿಂದ ಅದೇ ಹೊತ್ತಿನಲ್ಲಿ ಅದನ್ನೂ ಒಮ್ಮೆ ನೋಡಿಬಿಡುವುದು ಜಾಣತನ.

ಕೇಳುಗರೇ, ಒಟ್ಟು ಲೆಕ್ಕ ಹಾಕಿದರೆ ಬೇಕಾದದ್ದು ಒಬ್ಬರಿಗೆ ಒಂದು ಜೊತೆ ಒಳ್ಳೆಯ ಬಟ್ಟೆ, ಪಳಗಿದ ಒಂದು ಜೋಡು, ಮತ್ತು ಆ ದಿನದ ಸಂಜೆಯಿಂದ ಕದ್ದ ಎರಡು ಗಂಟೆ ಬಿಡುವು. ಮೊದಲೆರಡನ್ನು ಎಲ್ಲರೂ ಹೊಂದಿಸುತ್ತಾರೆ, ಮೂರನೆಯದನ್ನು ಹೊಂದಿಸುವವರು ಕಡಿಮೆ. ಉಟ್ಟ ಬಟ್ಟೆಗೆ ಕಳೆ ಬರುವುದು ದಣಿವಾರಿದ ಮೈಯಿಂದ. ಸ್ನಾನ ಮಾಡಿ, ಹಸಿದು, ನಗುತ್ತ ಬಂದವರನ್ನು ಯಾವ ಬಾಗಿಲಿನವರೂ ಅಡಿಯಿಂದ ಮುಡಿಯತನಕ ನೋಡುತ್ತ ನಿಲ್ಲುವುದಿಲ್ಲ. ಕೋಟು ಕಂಡರಾಗದ ಅಪ್ಪಂದಿರೂ ಹೊರಡಲಿ. ಮೊಸರನ್ನ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ಬೆಳಿಗ್ಗೆಗೂ ಇರುತ್ತದೆ.